ನಕ್ಷತ್ರ ಕತ್ತರಿಸಿದ ಪುಸ್ತಕ

ನನ್ನ ಮಕ್ಕಳಿಬ್ಬರೂ ಸಾಧಾರಣ ಬುದ್ಧಿಯವರು. ಹೆತ್ತವಳೇ ಹೇಳುತ್ತಿದ್ದೇನೆಂದ ಮೇಲೆ ಇದನ್ನು ಧಾರಾಳವಾಗಿ ನಂಬಬಹುದು. ಬೇರೆ ತಾಯಂದಿರ ಮಾತು ಕೇಳಿದರೆ ಒಂದೊಂದು ಮಗುವೂ ತೊಟ್ಟಿಲಲ್ಲೇ ಮಗ್ಗಿ ಒಪ್ಪಿಸಿತ್ತೇನೋ ಅನ್ನಿಸುತ್ತದೆ. ನನ್ನವು ಹಾಗಲ್ಲ. ಹೇಳಿಕೊಟ್ಟರೆ ಕಲಿಯುತ್ತವೆ, ನಾಲ್ಕು ದಿನ ಬಿಟ್ಟರೆ ಮರೆಯುತ್ತವೆ, ಮತ್ತೆ ಹೇಳಿಕೊಟ್ಟರೆ ‘ಇದು ನಮಗೆ ಮೊದಲೇ ಗೊತ್ತಿತ್ತು’ ಎಂದು ನನ್ನ ಮೇಲೇ ರೇಗುತ್ತವೆ.

ಇಬ್ಬರಿಗೂ ಮನೆಯಲ್ಲೇ ಪಾಠ. ಶಾಲೆಗೆ ಯಾಕೆ ಕಳಿಸುವುದಿಲ್ಲ ಎಂದು ಕೇಳಿದವರಿಗೆಲ್ಲ ನಾನು ಒಂದೊಂದು ಘನವಾದ ಕಾರಣ ಕೊಟ್ಟಿದ್ದೇನೆ. ನಿಜವಾದ ಕಾರಣವೆಂದರೆ ಅವರಿಗೆ ಪಾಠ ಹೇಳುವುದು ನನಗೆ ಬಲು ಇಷ್ಟ. ಅದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ಇನ್ನೇನೋ ಇದೆ ಎಂದು ಕೆದಕುತ್ತಾರೆ.

ನಮ್ಮ ಮನೆಯ ಮುಂದಿನ ಕೋಣೆಯೇ ಬೈಂಡಿಂಗ್ ಅಂಗಡಿ. ಯಜಮಾನರು ಹಾಳೆ ಕತ್ತರಿಸುತ್ತಾರೆ, ರಟ್ಟು ಕೂರಿಸುತ್ತಾರೆ, ಅಂಟು ಬಳಿಯುತ್ತಾರೆ. ನಾನು ಹೊಲಿಯುತ್ತೇನೆ. ಹದಿನಾರು ಪುಟದ ಮಡಿಕೆಗಳನ್ನು ಒಂದರ ಮೇಲೊಂದು ಇಟ್ಟು, ಬೆನ್ನಿನಲ್ಲಿ ದಾರ ಹಾಯಿಸಿ ಗಂಟು ಹಾಕುವ ಕೆಲಸ. ಮಕ್ಕಳು ಅದೇ ಉದ್ದ ಮೇಜಿನ ಕಿಟಕಿಯ ಕಡೆ ಕೂರುತ್ತಾರೆ. ನನ್ನ ಕೈ ಸೂಜಿಯ ಮೇಲೆ, ಬಾಯಿ ಪಾಠದ ಮೇಲೆ, ಕಣ್ಣು ಮಗನ ಮೇಲೆ. ಎಂಟು ವರ್ಷದ ಈ ಮಗನಿಗೆ ನಾವು ಗಡಿಬಿಡಿ ಎನ್ನುತ್ತೇವೆ. ಪ್ರಶ್ನೆ ಮುಗಿಯುವ ಮೊದಲೇ ‘ನಲವತ್ತು!’ ಎಂದು ಕೂಗುವುದು ಅವನ ಪದ್ಧತಿ. ಯಾವತ್ತೋ ಒಂದು ಸಲ ಉತ್ತರ ನಲವತ್ತೇ ಆಗಿತ್ತು, ಅವತ್ತಿನಿಂದ ಅವನಿಗೆ ಆ ಸಂಖ್ಯೆಯ ಮೇಲೆ ಅಪಾರ ವಿಶ್ವಾಸ.

ನನ್ನ ಚಿಂತೆ ಅವನದಲ್ಲ. ಅವನಕ್ಕನದು.

ಗುಬ್ಬಿಗೆ ಹತ್ತು ವರ್ಷ. ಪಠ್ಯಪುಸ್ತಕದ ಲೆಕ್ಕಗಳನ್ನು ಅಚ್ಚುಕಟ್ಟಾಗಿ ಮಾಡಿ ಮುಗಿಸುತ್ತಾಳೆ. ಆದರೆ ಪಠ್ಯಪುಸ್ತಕದಲ್ಲಿ ಒಂದು ಮೋಸವಿದೆ. ಪಾಠದ ಹೆಸರು ಭಾಗಾಕಾರ ಎಂದಿದ್ದರೆ ಕೆಳಗಿನ ಲೆಕ್ಕಗಳೆಲ್ಲ ಭಾಗಾಕಾರದವೇ. ಮಗು ಓದಬೇಕಾಗಿಯೇ ಇಲ್ಲ, ಭಾಗಿಸಿ ಎದ್ದರಾಯಿತು. ಹಾಗಾಗಿ ನಾನು ಮಧ್ಯಾಹ್ನದ ಹೊತ್ತು ಒಂದು ಹೆಚ್ಚಿನ ಲೆಕ್ಕ ಕೊಡುತ್ತಿದ್ದೆ. ತರಕಾರಿಯವರು ತೂಕ ಮುಗಿದ ಮೇಲೆ ಚೀಲಕ್ಕೆ ಒಂದಿಷ್ಟು ಕೊಸರು ಹಾಕುತ್ತಾರಲ್ಲ, ಹಾಗೆ. ನಮ್ಮ ಮನೆಯಲ್ಲಿ ಅದಕ್ಕೆ ಕೊಸರು ಲೆಕ್ಕ ಎಂದೇ ಹೆಸರು.

ಕೊಸರು ಲೆಕ್ಕವನ್ನು ಗುಬ್ಬಿ ಒಮ್ಮೆ ಓದುತ್ತಾಳೆ. ಹುಬ್ಬು ಗಂಟಿಕ್ಕುತ್ತದೆ. ಆ ಗಂಟು ಬಿತ್ತೋ, ಪೆನ್ಸಿಲು ಕೆಳಗೆ.

“ಇದು ನಂದಲ್ಲ ಅಮ್ಮ” ಎನ್ನುತ್ತಾಳೆ.

ಅಳುವುದಿಲ್ಲ, ಹಟ ಮಾಡುವುದಿಲ್ಲ. ತಪ್ಪು ವಿಳಾಸಕ್ಕೆ ಬಂದ ಪಾರ್ಸೆಲನ್ನು ಮರ್ಯಾದೆಯಿಂದ ವಾಪಸು ಕೊಟ್ಟಂತೆ ಹಾಳೆಯನ್ನು ನನ್ನ ಕಡೆ ತಳ್ಳುತ್ತಾಳೆ. ಅತ್ತಿದ್ದರೆ ನನಗೆ ಎಷ್ಟೋ ಸಮಾಧಾನವಿರುತ್ತಿತ್ತು. ಲೆಕ್ಕ ಬಾರದಿದ್ದರೆ ಬಾರದಿರಲಿ, ಜಗತ್ತೇನೂ ಮುಳುಗುವುದಿಲ್ಲ. ಆದರೆ ಹತ್ತು ವರ್ಷಕ್ಕೇ ಇಷ್ಟು ನೆಮ್ಮದಿಯಿಂದ ಕೈಬಿಡುವ ಹುಡುಗಿ ಇಪ್ಪತ್ತಕ್ಕೆ ಇನ್ನೇನೇನನ್ನು ಹೀಗೆ ವಾಪಸು ಕಳಿಸುತ್ತಾಳೋ ಎಂದು ನನಗೆ ಹೆದರಿಕೆ. ಹುಬ್ಬಿನ ಗಂಟು ಬಿದ್ದ ಮೇಲೂ ಅವಳು ಒಂದೇ ಒಂದು ಲೆಕ್ಕದ ಜೊತೆ ಕೂತಿರಬೇಕು. ನನಗೆ ಬೇಕಾಗಿದ್ದುದು ಅಷ್ಟೇ.

ಇದನ್ನು ನಾನು ಯಜಮಾನರ ಅಕ್ಕನ ಹತ್ತಿರ ಬಾಯಿಬಿಟ್ಟು ಹೇಳಿದ್ದೇ ಎಡವಟ್ಟಾಯಿತು. ಅತ್ತಿಗೆ ಬಂಗಾರದಂಥ ಹೆಂಗಸು, ಆದರೆ ಅವರ ಕೈಗೆ ಒಂದು ಸಮಸ್ಯೆ ಕೊಟ್ಟರೆ ಮರುದಿನವೇ ಅದಕ್ಕೊಂದು ಸಾಮಾನು ಕೊಂಡು ತರುತ್ತಾರೆ. ಅವರು ತಂದ ಪುಸ್ತಕ ಇಟ್ಟಿಗೆಯಷ್ಟು ದಪ್ಪವಿತ್ತು. ‘ಅಸಾಮಾನ್ಯ ಪ್ರತಿಭೆಯ ಮಕ್ಕಳಿಗೆ’ ಎಂದು ಮೇಲೆಯೇ ದೊಡ್ಡದಾಗಿ ಅಚ್ಚಾಗಿತ್ತು. ಗುಬ್ಬಿ ಮೊದಲ ಲೆಕ್ಕ ಓದಿದಳು, ಮೇಲಿನ ಅಕ್ಷರವನ್ನೂ ಓದಿದಳು, ಎದ್ದು ಹೋಗಿ ಅಪ್ಪ ಆಗತಾನೇ ಅಂಟಿಸಿಟ್ಟಿದ್ದ ರಟ್ಟಿನ ಮೇಲೆ ಅದನ್ನು ಇಟ್ಟು ಬಂದಳು.

“ಭಾರಕ್ಕೆ ಚೆನ್ನಾಗಿದೆ” ಎಂದಳು.

ಯಜಮಾನರು ಸುಮ್ಮನಿರಲಾರದೆ ತಾವೂ ಒಂದು ಪುಸ್ತಕ ತಂದರು. ಅದರಲ್ಲಿ ಮೊಲಗಳು ಕ್ಯಾರೆಟ್ಟು ಹಂಚಿಕೊಳ್ಳುತ್ತಿದ್ದವು. ಗಡಿಬಿಡಿ ಕೂಡ ಮುಖ ಸಿಂಡರಿಸಿದ. ಲೋಕದಲ್ಲಿ ಎರಡೇ ಬಗೆಯ ಮಕ್ಕಳಿದ್ದಾರೆ, ಒಂದೋ ಪ್ರಚಂಡರು ಇಲ್ಲವೇ ಮೊಲದ ಅಭಿಮಾನಿಗಳು ಎಂದುಕೊಂಡಿದ್ದಾರಲ್ಲ ಈ ಪುಸ್ತಕ ಮಾಡುವವರು ಎಂದು ನನಗೆ ಮೈ ಉರಿಯಿತು. ನಡುವೆ ಇರುವವರು ಏನು ಮಾಡಬೇಕು? ಲೋಕದ ತುಂಬ ಇರುವುದೇ ನಡುವಿನವರು.

ಕೊನೆಗೆ ಪುಸ್ತಕ ಸಿಕ್ಕಿದ್ದು ನಮ್ಮ ಅಂಗಡಿಯ ರದ್ದಿಯಲ್ಲೇ. ಮುಖಪುಟ ಇರಲಿಲ್ಲ, ಬೆನ್ನು ಮುರಿದಿತ್ತು, ಹೊಲಿಗೆ ಬಿಚ್ಚಿಕೊಂಡು ಮಡಿಕೆಗಳೆಲ್ಲ ಸಡಿಲವಾಗಿ ತೂಗಾಡುತ್ತಿದ್ದವು. ಆದರೆ ಲೆಕ್ಕಗಳು ಒಳ್ಳೆಯವು. ನಾನು ಲೆಕ್ಕ ಆರಿಸುವುದಕ್ಕೆ ನನ್ನದೇ ಒಂದು ಪರೀಕ್ಷೆಯಿದೆ. ಒಲೆಯ ಮೇಲೆ ಹಾಲಿಟ್ಟು ಲೆಕ್ಕ ಓದುತ್ತೇನೆ. ಹಾಲು ಬಿಸಿಯಾಗುವ ಮೊದಲೇ ಉತ್ತರ ಹೊಳೆದರೆ ಅದು ಸಪ್ಪೆ. ಹಾಲು ಉಕ್ಕಿ ಒಲೆಯೆಲ್ಲ ಹಾಳಾದರೆ ಅದು ಈ ಮನೆಗೆ ತಕ್ಕ ಲೆಕ್ಕ. ಈ ಪುಸ್ತಕ ಓದಿದ ವಾರ ನಾವು ಕುಡಿದ ಹಾಲಿಗಿಂತ ನಾನು ಒರೆಸಿದ್ದೇ ಹೆಚ್ಚು.

ಒಂದೇ ತೊಂದರೆಯೆಂದರೆ ನಕ್ಷತ್ರಗಳು. ಪ್ರತಿ ಲೆಕ್ಕದ ಪಕ್ಕದಲ್ಲಿ, ಪುಟದ ಹೊರ ಅಂಚಿನಲ್ಲಿ, ಪುಟ್ಟ ಪುಟ್ಟ ನಕ್ಷತ್ರ. ಸುಲಭದ್ದಕ್ಕೆ ಒಂದು, ಕಷ್ಟದ್ದಕ್ಕೆ ಮೂರು. ಗುಬ್ಬಿ ಲೆಕ್ಕ ಓದುವ ಮೊದಲೇ ಅಂಚು ನೋಡುತ್ತಿದ್ದಳು. ಮೂರು ನಕ್ಷತ್ರ ಕಂಡರೆ ‘ನಂದಲ್ಲ.’ ಒಂದು ಕಂಡರೆ, ‘ಇದು ಬರದೇ ಇದ್ರೆ ನಾಚಿಕೆ’ ಎಂದು ಅದನ್ನೂ ಮುಟ್ಟುತ್ತಿರಲಿಲ್ಲ. ಹೀಗಾಗಿ ಎರಡು ನಕ್ಷತ್ರದವು ಮಾತ್ರ ಉಳಿದವು, ಅವು ಬೆರಳೆಣಿಕೆಯಷ್ಟಿದ್ದವು.

ನಾನು ಪುಸ್ತಕವನ್ನು ಯಜಮಾನರ ಮುಂದೆ ಇಟ್ಟೆ.

“ರೀ, ಹೇಗಿದ್ರೂ ಹೊಸದಾಗಿ ಹೊಲಿದು ರಟ್ಟು ಹಾಕ್ಬೇಕು. ಹಾಗೇ ಅಂಚು ಹೊಡೆಯೋವಾಗ ಈ ನಕ್ಷತ್ರ ಎಲ್ಲ ಹಾರಿಸಿಬಿಡಿ.”

“ಅಷ್ಟು ಒಳಗೆ ಹೊಡೆದ್ರೆ ಅಕ್ಷರ ಹೋಗುತ್ತೆ ಕಣೇ.”

“ಅಕ್ಷರ ಉಳಿಸಿ, ನಕ್ಷತ್ರ ತೆಗೀರಿ. ಒಂದೂ ಕಾಣಬಾರದು.”

ಇವರು ಪುಸ್ತಕವನ್ನು ಎರಡು ದಿನ ಅತ್ತಿತ್ತ ತಿರುಗಿಸಿ ನೋಡಿದರು. ಅಕ್ಷರದ ವಿಷಯದಲ್ಲಿ ಇವರದು ದೊಡ್ಡ ಶಿಸ್ತು. ಕೈಗೆ ಬಂದ ಪುಸ್ತಕದಲ್ಲಿ ಏನು ಬರೆದಿದೆ ಎಂದು ಓದಿದವರಲ್ಲ, ಆದರೆ ಒಂದು ಕೊಂಬು, ಒಂದು ಒತ್ತು ಕೂಡ ಇವರ ಅಲಗಿಗೆ ಸಿಕ್ಕಿ ಹೋಗಿಲ್ಲ. ಸಾಲುಗಳ ತುದಿ ಎಲ್ಲಿ ಮುಗಿಯುತ್ತದೆ ಎಂದು ಪುಟಪುಟಕ್ಕೂ ಬೆರಳಾಡಿಸಿ, ಕೂದಲೆಳೆಯಷ್ಟು ಜಾಗ ಬಿಟ್ಟು ಗುರುತು ಮಾಡಿ, ಕಟಿಂಗ್ ಮಷೀನಿನ ಹಿಡಿ ಎಳೆದರು. ಅಂಚಿನ ಪಟ್ಟಿಗಳು ನಕ್ಷತ್ರಗಳ ಸಮೇತ ಉದುರಿ ಚೂರಿನ ಚೀಲಕ್ಕೆ ಹೋದವು. ಪುಸ್ತಕ ಸ್ವಲ್ಪ ಇಕ್ಕಟ್ಟಾಗಿ ಕಂಡರೂ ಅಕ್ಷರವೊಂದೂ ಹೋಗಿರಲಿಲ್ಲ. ಹಿಂದಿನ ಉತ್ತರದ ಹಾಳೆಗಳನ್ನು ನಾನು ಮೊದಲೇ ಬೇರೆ ಮಾಡಿ ಬೀರುವಿನ ಮೇಲೆ ಇಟ್ಟುಕೊಂಡಿದ್ದೆ.

ಮಧ್ಯಾಹ್ನ ಗುಬ್ಬಿ ಹೊಸ ರಟ್ಟು ಸವರಿದಳು. ಅಂಚು ನೋಡಿದಳು. ಬರೀ ಬಿಳಿ.

“ನಕ್ಷತ್ರ?”

“ಇಲ್ಲ. ಲೆಕ್ಕ ಮಾತ್ರ ಇದೆ. ಯಾವ್ದು ಬೇಕೋ ತಗೋ.”

ಅವಳು ಬಹಳ ಹೊತ್ತು ಪುಟ ಮಗುಚಿದಳು. ಅಕ್ಷರ ಕಡಿಮೆ ಇರುವುದು ಸುಲಭವಿರಬೇಕೆಂಬ ಲೆಕ್ಕಾಚಾರದಲ್ಲಿ ಚಿತ್ರವಿದ್ದ ಒಂದು ಪುಟಕ್ಕೆ ನಿಂತಳು. ಚಿತ್ರದ ಲೆಕ್ಕವಲ್ಲವೇ, ಸುಲಭವೇ ಇರಬೇಕು ಎಂದು ನಾನೂ ಅದನ್ನು ಹಾಲಿನ ಪರೀಕ್ಷೆಗೆ ಒಡ್ಡಿರಲಿಲ್ಲ. ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಪುಟ್ಟ ಮನೆಗಳು. ಕೆಳಗೆ ನಾಲ್ಕು ಸಾಲು: ಚಿತ್ರದ ಪ್ರತಿಯೊಂದು ಮನೆಯಿಂದಲೂ ಬೇರೆ ಮೂರು ಮನೆಗಳಿಗೆ ನೇರ ದಾರಿ ಇರಬೇಕು. ಮೂರಕ್ಕಿಂತ ಹೆಚ್ಚೂ ಬೇಡ, ಕಡಿಮೆಯೂ ಬೇಡ. ಎರಡು ಮನೆಗಳ ನಡುವೆ ಒಂದೇ ದಾರಿ. ದಾರಿಗಳು ಒಂದನ್ನೊಂದು ದಾಟಬಹುದು. ಒಟ್ಟು ಎಷ್ಟು ದಾರಿ ಬೇಕು, ಹಾಕಿ ತೋರಿಸಿ.

“ನಲವತ್ತು!” ಎಂದ ಗಡಿಬಿಡಿ.

ಗುಬ್ಬಿ ಮನೆ ಎಣಿಸಿದಳು, ಏಳಿದ್ದವು. ಒಂದು ಹಾಳೆಯಲ್ಲಿ ಏಳು ಚುಕ್ಕೆ ಇಟ್ಟು ಗೆರೆ ಎಳೆಯತೊಡಗಿದಳು. ಆರು ಮನೆಗೆ ಸರಿಯಾಗಿ ಮೂರು ಮೂರು ದಾರಿ ಬಂತು, ಏಳನೆಯದಕ್ಕೆ ಎರಡೇ. ಅಳಿಸಿದಳು. ಇನ್ನೊಂದು ರೀತಿ ಎಳೆದಳು. ಈಗ ಬೇರೊಂದು ಮನೆಗೆ ಎರಡೇ. ಹುಬ್ಬು ಗಂಟಿಕ್ಕಿತು. ನನ್ನ ಸೂಜಿ ನಿಂತಿತು. ಈಗ ಪೆನ್ಸಿಲು ಕೆಳಗಿಡುತ್ತಾಳೆ ಎಂದು ಕಾದೆ.

“ಛೆ, ಒಂದೇ ಒಂದು!” ಎಂದಳು. ಎಂದು, ಹೊಸ ಹಾಳೆ ತೆಗೆದುಕೊಂಡಳು.

ನನಗೆ ಎದ್ದು ಕುಣಿಯಬೇಕೆನಿಸಿತು. ಕುಣಿದರೆ ಕೆಲಸ ಕೆಟ್ಟೀತೆಂದು ತಲೆ ತಗ್ಗಿಸಿ ಒಂದೇ ತೂತಿನಲ್ಲಿ ಮೂರು ಸಲ ದಾರ ಹಾಯಿಸಿದೆ.

ಮರುದಿನವೂ ಅವಳು ಅದನ್ನೇ ಹಿಡಿದಳು, ಅದರ ಮರುದಿನವೂ. ಊಟದ ತಟ್ಟೆಯ ಪಕ್ಕ ಕಾಳು ಜೋಡಿಸಿ ನೋಡಿದಳು. ಬಚ್ಚಲಿನ ಕನ್ನಡಿಯ ಹಬೆಯಲ್ಲಿ ಏಳು ಚುಕ್ಕೆ ಮೂಡಿದವು. ಗಡಿಬಿಡಿಯನ್ನು, ಅಪ್ಪನನ್ನು, ನನ್ನನ್ನು, ನಾಲ್ಕು ಸ್ಟೂಲುಗಳನ್ನು ಮನೆಗಳನ್ನಾಗಿ ಮಾಡಿ ಕೋಣೆಯಲ್ಲೆಲ್ಲ ನೂಲು ಕಟ್ಟಿದಳು. ಆ ಹೊತ್ತಿಗೆ ಪುಸ್ತಕ ಕೊಡಲು ಬಂದ ಗಿರಾಕಿಯೊಬ್ಬರು ಬಾಗಿಲಲ್ಲೇ ನಿಂತು, “ನಾನು ಆಮೇಲೆ ಬರ್ತೀನಿ” ಎಂದು ಹಿಂದಿರುಗಿದರು. ಮನೆ ತುಂಬ ನಗು. ಪ್ರತಿ ಸಲವೂ ಯಾವುದೋ ಒಂದು ಮನೆಗೆ ಒಂದು ದಾರಿ ಕಡಿಮೆ. ಆ ಮನೆಗೆ ಗಡಿಬಿಡಿ ‘ಅಳುವ ಮನೆ’ ಎಂದು ಹೆಸರಿಟ್ಟ. ಇವತ್ತು ಯಾರು ಅಳ್ತಾರೆ ಎಂದು ಬೆಳಗ್ಗೆಯೇ ವಿಚಾರಿಸುತ್ತಿದ್ದ.

ನಾನು ಮೆಲ್ಲಗೆ ಬೀರುವಿನ ಮೇಲಿನ ಹಾಳೆ ನೋಡಿದೆ. ಉತ್ತರ: ಹನ್ನೆರಡು. ಚಿತ್ರ ಗಿತ್ರ ಏನೂ ಇಲ್ಲ, ಬರೀ ಒಂದು ಸಂಖ್ಯೆ. ಅಡುಗೆಮನೆಯಲ್ಲಿ ಕೂತು ನಾನೂ ಎಳೆದು ನೋಡಿದೆ. ಹತ್ತು ದಾರಿ ಆಗುವಷ್ಟರಲ್ಲಿ ಎಲ್ಲ ಮುಗಿದು ಒಂದು ಮನೆ ಅಳುತ್ತಿತ್ತು. ಹಾಲು ಉಕ್ಕಿತು, ಪಾತ್ರೆಯ ತಳ ಸೀದಿತು. ನನಗೆ ಬರಲಿಲ್ಲ. ಇದು ಖಂಡಿತ ಮೂರು ನಕ್ಷತ್ರದ್ದೇ, ತಾಯಿಯ ಬುದ್ಧಿಯೇ ಮಗಳಿಗೂ ಬಂದಿರಬೇಕು ಎಂದುಕೊಂಡೆ.

ಆ ವಾರದ ಕೊನೆಗೆ ನಗು ಕಡಿಮೆಯಾಯಿತು. ಶನಿವಾರ ಗುಬ್ಬಿ ನನ್ನ ಪಕ್ಕ ಬಂದು ನಿಂತಳು.

“ಅಮ್ಮ, ಬೇರೆ ಮಕ್ಕಳಿಗೆ ಇದು ಬಂದಿರುತ್ತಾ?”

“ಬಂದಿರುತ್ತೆ ಮಗಳೇ. ಉತ್ತರ ಇದೆ.”

“ಎಷ್ಟು?”

“ಹೇಳ್ಬಿಡ್ಲಾ?”

“ಬೇಡ” ಎಂದಳು. ಹೆಗಲು ಮಾತ್ರ ಇಳಿದವು.

ನಾನು ಯಾಕಾದರೂ ಆ ಮಾತು ಹೇಳಿದೆನೋ. ಉತ್ತರ ಇದೆ ಎಂದರೆ ಮಗುವಿನ ಕಿವಿಗೆ ‘ತಪ್ಪು ನಿನ್ನಲ್ಲೇ ಇದೆ’ ಎಂದು ಕೇಳಿಸುತ್ತದೆಂದು ಆಗ ಅರ್ಥವಾಯಿತು. ಇದನ್ನು ಇಲ್ಲಿಗೆ ನಿಲ್ಲಿಸಿದರೆ ಅರ್ಧವಾದರೂ ಖುಷಿ ಉಳಿಯುತ್ತದೆ ಎಂದುಕೊಂಡು, “ಸಾಕು ಬಿಡೇ, ಬೇರೆ ಲೆಕ್ಕ ನೋಡೋಣ” ಎಂದು ಪುಸ್ತಕಕ್ಕೆ ಕೈ ಹಾಕಿದೆ.

ಗುಬ್ಬಿ ಪುಸ್ತಕವನ್ನು ಎದೆಗವಚಿಕೊಂಡಳು.

“ಮುಟ್ಟಬೇಡ. ಇದು ನಂದು.”

ಭಾನುವಾರ ಬೆಳಗ್ಗೆ ಅತ್ತಿಗೆ ಬಂದರು. ಬಾಗಿಲಲ್ಲೇ ಚಪ್ಪಲಿ ಬಿಡುತ್ತ, “ಏನೋ ಲೆಕ್ಕ ಹಿಡ್ಕೊಂಡು ಒದ್ದಾಡ್ತಿದ್ದೀರಂತೆ? ತಮ್ಮ ಫೋನಲ್ಲಿ ಹೇಳ್ದ. ತೋರ್ಸಿ, ಎರಡು ನಿಮಿಷದ ಕೆಲಸ” ಎಂದರು. ಮೇಜಿನ ಮೇಲೆ ಕಾಫಿ ಇಟ್ಟೆ. ಕಾಫಿ ಆರಿತು. ಅತ್ತಿಗೆ ಕನ್ನಡಕ ಏರಿಸಿದರು, ಇಳಿಸಿದರು, ಸೆರಗು ಸಿಕ್ಕಿಸಿಕೊಂಡು ನೆಲಕ್ಕೆ ಇಳಿದರು. “ತಮ್ಮಾ, ಇನ್ನೊಂದು ಹಾಳೆ ಕೊಡು” ಎನ್ನುವುದೊಂದೇ ಮಾತು. ಇವರೂ ಪಕ್ಕದಲ್ಲಿ ಕೂತರು. ಅಕ್ಕ ತಮ್ಮ ಇಬ್ಬರೂ ಚಿಕ್ಕಂದಿನಲ್ಲಿ ಹೀಗೇ ಜಗಳವಾಡಿರಬೇಕು. “ನೀನು ನನ್ನ ಮನೆ ದಾರಿ ಕದ್ದೆ”, “ನಿನ್ನ ಮನೆಗೆ ನಾಲ್ಕಾಯ್ತು ನೋಡು” ಎಂದು ಪೆನ್ಸಿಲು ಕಿತ್ತಾಡತೊಡಗಿದರು.

ಗುಬ್ಬಿ ಅವರನ್ನು ಒಂದಷ್ಟು ಹೊತ್ತು ನೋಡಿದಳು. ಆಮೇಲೆ ಎದ್ದು ಅಪ್ಪನ ಕಪಾಟಿನಿಂದ ಒಂದು ದಪ್ಪ ರಟ್ಟಿನ ತುಂಡು, ಒಂದಿಷ್ಟು ಗುಂಡುಪಿನ್ನು, ನನ್ನ ಹೊಲಿಗೆಯಲ್ಲಿ ಉಳಿದ ದಾರದ ತುಂಡುಗಳನ್ನು ತಂದು ಕಿಟಕಿಯ ಕಡೆ ಕೂತಳು. ಏಳು ಪಿನ್ನು ಚುಚ್ಚಿದಳು. ನಮ್ಮೆಲ್ಲರ ಹಾಗೆ ಒಂದು ಮನೆಯಿಂದ ಇನ್ನೊಂದಕ್ಕೆ ದಾರ ಎಳೆಯಲಿಲ್ಲ. ಪ್ರತಿ ಪಿನ್ನಿಗೂ ಮೂರು ಮೂರು ತುಂಡು ದಾರವನ್ನು ಮೊದಲೇ ಕಟ್ಟಿ ಬಿಟ್ಟಳು. ನಾನು ದಾರ ಸಾಲದಾಗ ಎರಡು ತುಂಡನ್ನು ಗಂಟು ಹಾಕಿ ಉದ್ದ ಮಾಡುವುದನ್ನು ಹುಟ್ಟಿದಾಗಿನಿಂದ ನೋಡಿದವಳು ಅವಳು. ಅದೇ ಗಂಟು. ಈ ಮನೆಯ ಒಂದು ತುದಿ, ಆ ಮನೆಯ ಒಂದು ತುದಿ, ಎರಡೂ ಸೇರಿಸಿ ಗಂಟು ಹಾಕಿದರೆ ಒಂದು ದಾರಿ.

ಕಟ್ಟುತ್ತಾ ಹೋದಳು. ಕೊನೆಗೆ ಒಂದು ತುದಿ ಉಳಿಯಿತು. ಎಲ್ಲ ಬಿಚ್ಚಿ ಬೇರೆ ರೀತಿ ಕಟ್ಟಿದಳು. ಮತ್ತೆ ಒಂದು ತುದಿ ಉಳಿಯಿತು. ಮೂರನೆಯ ಸಲ ಕಟ್ಟಲು ಹೋಗಿ ಸುಮ್ಮನೆ ಕೂತುಬಿಟ್ಟಳು. ತುಟಿ ಅಲ್ಲಾಡುತ್ತಿತ್ತು, ಬೆರಳು ತುದಿಗಳನ್ನು ಜೋಡಿ ಜೋಡಿಯಾಗಿ ಮುಟ್ಟುತ್ತಿತ್ತು. ಅತ್ತಿಗೆ ಏನೋ ಹೇಳಹೊರಟರು, ನಾನು ಕೈಸನ್ನೆ ಮಾಡಿ ತಡೆದೆ.

“ಇದು ಆಗಲ್ಲ” ಎಂದಳು ಗುಬ್ಬಿ.

ಇಷ್ಟು ದಿನದ ಕೊನೆಗೆ ಮತ್ತೆ ಕೈಬಿಡುವ ಮಾತೇ ಎಂದುಕೊಂಡೆ. ಆದರೆ ಪೆನ್ಸಿಲು ಕೆಳಗಿಡುವ ದನಿ ಅದಾಗಿರಲಿಲ್ಲ. ಹುಬ್ಬಿನ ಗಂಟು ಬಿಚ್ಚಿಕೊಂಡು ಮುಖವೆಲ್ಲ ಅಗಲವಾಗಿತ್ತು.

“ನಂಗೆ ಆಗಲ್ಲ ಅಂತಲ್ಲ ಅಮ್ಮ. ಯಾರಿಗೂ ಆಗಲ್ಲ. ನೋಡು, ಏಳು ಮನೆ, ಒಂದೊಂದಕ್ಕೆ ಮೂರು ತುದಿ, ಇಪ್ಪತ್ತೊಂದು. ಒಂದು ದಾರಿ ಮಾಡೋಕೆ ಎರಡು ತುದಿ ಬೇಕು. ಇಪ್ಪತ್ತೊಂದನ್ನ ಜೋಡಿ ಮಾಡಿದ್ರೆ ಒಂದು ಉಳಿದೇ ಉಳಿಯುತ್ತೆ. ಹೇಗ್ ಕಟ್ಟಿದ್ರೂ ಅಷ್ಟೇ. ಅತ್ತೆ ಕಟ್ಟಿದ್ರೂ ಅಷ್ಟೇ. ಹತ್ತೂವರೆ ದಾರಿ ಬೇಕು. ಅರ್ಧ ದಾರಿ ಎಲ್ಲಿಗೆ ಹೋಗುತ್ತೆ?”

ಅತ್ತಿಗೆಯ ಪೆನ್ಸಿಲು ನಿಂತಿತು. ಅವರು ತಾವು ಗೀಚಿದ ಹಾಳೆಗಳ ರಾಶಿಯನ್ನು ನೋಡಿದರು, ರಟ್ಟನ್ನು ನೋಡಿದರು. “ಅಯ್ಯೋ ಶಿವನೇ, ಬೆಳಗ್ಗಿಂದ ನನ್ನ ಸೊಂಟ ಮುರೀತಲ್ಲೇ” ಎಂದು ಗೊಳ್ಳನೆ ನಕ್ಕರು.

ನಾನು ಮಾತ್ರ ನಗಲಿಲ್ಲ. ಅಚ್ಚಾಗಿ ಬಂದ ಉತ್ತರದ ಮೇಲೆ ನನಗೆ ಅಷ್ಟು ಭಕ್ತಿ. “ಆದ್ರೆ ಉತ್ತರ ಇದೆಯಲ್ಲೇ” ಎಂದೆ. “ಹನ್ನೆರಡು ಅಂತ ಇದೆ.” ಬಾಯಿಂದ ಜಾರಿಹೋಯಿತು. ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಗುಬ್ಬಿ ಬೇಸರ ಮಾಡಿಕೊಳ್ಳಲಿಲ್ಲ. ಇನ್ನೊಂದು ಸಾಮಾನು ಕೈಗೆ ಸಿಕ್ಕಿತೆನ್ನುವಂತೆ ಅದನ್ನೂ ತೆಗೆದುಕೊಂಡಳು.

“ಹನ್ನೆರಡು ದಾರಿ. ಅಂದ್ರೆ ಇಪ್ಪತ್ನಾಲ್ಕು ತುದಿ. ನಮ್ಮ ಹತ್ರ ಇಪ್ಪತ್ತೊಂದೇ ಇರೋದು. ಮೂರು ತುದಿ ಕಮ್ಮಿ.” ಒಂದು ಕ್ಷಣ ಬಾಯಿ ತೆರೆದೇ ಇತ್ತು. “ಮೂರು ತುದಿ ಅಂದ್ರೆ ಒಂದು ಮನೆ. ಅಮ್ಮ, ಇದರಲ್ಲಿ ಒಂದು ಮನೆ ಇಲ್ಲ! ಎಂಟು ಇರಬೇಕಿತ್ತು. ಎಂಟನೇ ಮನೆ ಎಲ್ಲಿ?”

ಯಜಮಾನರು ಮೆಲ್ಲಗೆ ಎದ್ದು ಪುಸ್ತಕದ ಆ ಪುಟ ತೆರೆದರು, ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು, ಕಟಿಂಗ್ ಮಷೀನಿನ ಕಡೆ ನೋಡಿದರು.

“ನಾನು ಅಕ್ಷರ ಮಾತ್ರ ನೋಡಿದ್ದು ಕಣೇ” ಎಂದರು. “ಚಿತ್ರ ಅಂಚಿನವರೆಗೂ ಹೋಗಿತ್ತೇನೋ.”

“ಒಂದು ಮನೆಯನ್ನೇ ಕತ್ತರಿಸಿಬಿಟ್ರಾ?”

“ಒಂದೂ ನಕ್ಷತ್ರ ಕಾಣಬಾರದು ಅಂದೋರು ಯಾರು?”

“ಅಕ್ಷರ ಉಳಿಸಿ ಅಂದ್ರೆ ಮನೆ ಬೀಳಿಸಿ ಅಂತ ಅರ್ಥಾನಾ?”

“ನೀವಿಬ್ರೂ ಆಮೇಲೆ ಜಗಳ ಆಡಿ” ಎಂದರು ಅತ್ತಿಗೆ, “ಚೂರೆಲ್ಲ ಎಲ್ಲಿ ಹಾಕ್ತೀರಿ?”

ಮೂಲೆಯಲ್ಲಿದ್ದ ಚೂರಿನ ಚೀಲವನ್ನು ಗಡಿಬಿಡಿ ಆಗಲೇ ಬೋರಲು ಹಾಕಿದ್ದ. ರದ್ದಿಯವರು ಇನ್ನೂ ಬಂದಿರಲಿಲ್ಲ, ಪುಣ್ಯ. ಎರಡು ವಾರದ ಪಟ್ಟಿಗಳು, ಸುರುಳಿಗಳು, ಚೂರುಗಳು ನೆಲದ ಮೇಲೆ ಮೊಣಕಾಲು ಮುಳುಗುವಷ್ಟು ಹರಡಿಕೊಂಡವು. ನಾವು ನಾಲ್ವರೂ ಅದರೊಳಗೆ ಇಳಿದೆವು. ಅತ್ತಿಗೆಯ ಕೂದಲ ತುಂಬ ಕಾಗದದ ಎಳೆ. ಇವರು ಪ್ರತಿ ಪಟ್ಟಿಯನ್ನೂ ಬೆಳಕಿಗೆ ಹಿಡಿದು, “ಇದು ಮದುವೆ ಮನೆಯವರದು, ಇದು ವಕೀಲರದು” ಎಂದು ಗುರುತು ಹೇಳಿ ಹೇಳಿ ಬಿಸಾಡುತ್ತಿದ್ದರು. ಗಡಿಬಿಡಿ ಈಜುತ್ತಿದ್ದ.

ಗುಬ್ಬಿ ಬರಲಿಲ್ಲ. ಕಿಟಕಿಯ ಬಳಿ ಎಂಟನೆಯ ಪಿನ್ನು ಚುಚ್ಚಿ, ಅದಕ್ಕೆ ಮೂರು ದಾರ ಕಟ್ಟುತ್ತಿದ್ದಳು. ಉಳಿದಿದ್ದ ಒಂಟಿ ತುದಿಯನ್ನು ಅದಕ್ಕೆ ಸೇರಿಸಿದಳು. ಆಮೇಲೆ ಹಳೆಯ ಗಂಟೊಂದನ್ನು ಬಿಚ್ಚಿ, ಅದರ ಎರಡೂ ತುದಿಗಳನ್ನು ಹೊಸ ಮನೆಗೇ ಕಟ್ಟಿದಳು. ಎಣಿಸಿದಳು. ಹನ್ನೆರಡು ಗಂಟು. ಯಾವ ಮನೆಯೂ ಅಳುತ್ತಿರಲಿಲ್ಲ.

ನನಗೆ ಚೂರಿನಲ್ಲಿ ಕೈಯಾಡಿಸಿ ಸಾಕಾಯಿತು. “ಅಲ್ಲವೇ, ಇಷ್ಟರಲ್ಲಿ ಅದು ಸಿಗದೇ ಇದ್ರೆ?” ಎಂದೆ.

“ಸಿಗದೇ ಇದ್ರೂ ಅದು ಇದೆ ಅಮ್ಮ” ಎಂದಳು ಗುಬ್ಬಿ, ತಲೆ ಎತ್ತದೆ.

ನಾನು ಹಾಗೇ ಕುಕ್ಕರುಬಡಿದೆ. ಪುಸ್ತಕ ಏಳು ಎಂದು ತೋರಿಸುತ್ತಿತ್ತು, ನಾನು ‘ಉತ್ತರ ಇದೆ’ ಎಂದಿದ್ದೆ, ದೊಡ್ಡವರೆಲ್ಲ ನೆಲದ ಮೇಲೆ ಪುರಾವೆ ಹುಡುಕುತ್ತಿದ್ದರು. ನನ್ನ ಸಾಧಾರಣ ಬುದ್ಧಿಯ ಮಗಳಿಗೆ ಪುರಾವೆ ಬೇಕಾಗಿರಲಿಲ್ಲ. ಕಣ್ಣು ತುಂಬಿ ಬಂತು. ಕಾಗದದ ಧೂಳು ಎಂದು ಸುಳ್ಳು ಹೇಳಿ ಸೆರಗಿನಲ್ಲಿ ಒರೆಸಿಕೊಂಡೆ.

“ಸಿಕ್ತು!” ಎಂದು ಗಡಿಬಿಡಿ ಕಿರುಚಿದ. ಬೆರಳಗಲದ ಪಟ್ಟಿ. ಅದರಲ್ಲಿ ಹೆಸರುಕಾಳಿನಷ್ಟು ದೊಡ್ಡ ಒಂದು ಮನೆ, ಬಾಗಿಲು, ಕಿಟಕಿ, ಹೊಗೆಕೊಳವೆ ಎಲ್ಲ ಇತ್ತು. ಪಕ್ಕದಲ್ಲಿ ಲೆಕ್ಕದ ಗುರುತೂ ಇತ್ತು.

“ಒಂದೇ ನಕ್ಷತ್ರ!” ಎಂದು ಅತ್ತಿಗೆ ಕೂಗಿದರು. “ಸುಲಭದ್ದಂತೆ! ನಾವೆಲ್ಲ ವಾರ ಪೂರ್ತಿ ಒದ್ದಾಡಿದ್ದು ಸುಲಭದ್ದಕ್ಕಂತೆ!” ಅವರಿಗೆ ನಗು ತಡೆಯಲಾಗಲಿಲ್ಲ. ಇವರಿಗೂ, ನನಗೂ. ಪಕ್ಕೆ ಹಿಡಿದುಕೊಂಡು ಚೂರಿನ ರಾಶಿಯ ಮೇಲೆ ಬಿದ್ದು ನಕ್ಕೆವು. ಗಡಿಬಿಡಿ ಏನೂ ಅರ್ಥವಾಗದೆ ನಮ್ಮೆಲ್ಲರಿಗಿಂತ ಜೋರಾಗಿ ನಕ್ಕ.

ಗುಬ್ಬಿ ಪಟ್ಟಿಯನ್ನು ಒಮ್ಮೆ ನೋಡಿ, “ಹೂಂ, ಇದೇ” ಎಂದು ತಮ್ಮನಿಗೆ ವಾಪಸು ಕೊಟ್ಟಳು. ಅವಳಿಗೆ ಬೇರೇನೋ ಹೊಳೆದಿತ್ತು.

“ಅಪ್ಪ, ಬೇರೆ ಪುಟದಲ್ಲೂ ಚಿತ್ರ ಇದೆ. ಅವುಗಳಲ್ಲೂ ಏನಾದ್ರೂ ಕತ್ತರಿಸಿಹೋಗಿರುತ್ತಾ?”

ಇವರ ಮುಖ ಸಪ್ಪಗಾಯಿತು. “ಹೋಗಿರಬಹುದು ಮಗಳೇ. ಚೂರೆಲ್ಲ ಇಲ್ಲೇ ಇವೆ. ಅಮ್ಮನೂ ನಾನೂ ಕೂತು ಯಾವ್ಯಾವ ಲೆಕ್ಕ ಕೆಟ್ಟಿದೆ ಅಂತ ನೋಡಿ ಪೆನ್ಸಿಲಲ್ಲಿ ಗುರುತು ಹಾಕಿಕೊಡ್ತೀವಿ. ಅವನ್ನ ಬಿಟ್ಟು ಮಿಕ್ಕಿದ್ದು ಮಾಡುವಿಯಂತೆ.”

“ಬೇಡ, ಬೇಡ!” ಗುಬ್ಬಿ ಎರಡೂ ಕೈ ಚಾಚಿ ಪುಸ್ತಕದ ಮೇಲೆ ಮಲಗಿಯೇ ಬಿಟ್ಟಳು. “ಯಾವುದು ಸರಿ ಇದೆ, ಯಾವುದು ಕೆಟ್ಟಿದೆ ಅಂತ ಯಾರೂ ಹೇಳ್ಬೇಡಿ. ನಾನೇ ಕಂಡುಹಿಡೀತೀನಿ.”

ಅತ್ತಿಗೆ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಲಾರದೆ ಚೂರುಗಳನ್ನು ಬಾಚಿ ಬಾಚಿ ಚೀಲಕ್ಕೆ ತುಂಬತೊಡಗಿದೆ. ಆ ಪುಟ್ಟ ಮನೆಯ ಪಟ್ಟಿಯೂ ಅದರ ಜೊತೆಗೇ ಹೋಯಿತು. ಚೀಲದ ಬಾಯಿ ಬಿಗಿಯಾಗಿ ಕಟ್ಟಿ, ರದ್ದಿಯವರಿಗೆ ಇವತ್ತೇ ಬಂದು ಒಯ್ಯಲು ಹೇಳಿ ಎಂದು ಇವರ ಕೈಗೆ ಕೊಟ್ಟೆ. ತಿರುಗಿ ನೋಡಿದರೆ ಗುಬ್ಬಿ ಆಗಲೇ ಮುಂದಿನ ಪುಟ ತೆರೆದು ಓದುತ್ತಿದ್ದಳು. ಹುಬ್ಬು ಚೆನ್ನಾಗಿ ಗಂಟಿಕ್ಕಿತ್ತು.